ಮೊಣಕೈ ತಿರುವಿನಲ್ಲಿ ಯಾರು ಮೊದಲು

ಬಂದರಿನ ಬಾಯಿಯಿಂದ ಒಳಕ್ಕೆ ಬರುವ ಕಾಲುವೆ ಒಂದು ಕಡೆ ಮಡಚಿದ ಕೈಯಂತೆ ತಿರುಗುತ್ತದೆ. ನಕ್ಷೆಯಲ್ಲಿ ಆ ತಿರುವಿಗೊಂದು ನಂಬರು ಇದೆ. ದೋಣಿಯವರ ಬಾಯಲ್ಲಿ ಮಾತ್ರ ಅದು ಮೊಣಕೈ. ಮೂಲೆಗೆ ಸರಿಯಾಗಿ ಯಾರೋ ಪುಣ್ಯಾತ್ಮರು ಕಾಳಿನ ಗೋದಾಮು ಕಟ್ಟಿಸಿಟ್ಟಿದ್ದರಿಂದ ಈಚೆಯವರಿಗೆ ಆಚೆಯವರು ಕಾಣುವುದಿಲ್ಲ. ಅದಕ್ಕೇ ಬಂದರಿನ ನಿಯಮಗಳಲ್ಲಿ ಮೊಣಕೈಗೆಂದೇ ಒಂದು ನಿಯಮವಿದೆ. ತಿರುವಿಗೆ ಬಂದವನು ಉದ್ದಕ್ಕೆ ಒಂದು ಹಾರ್ನ್ ಹಾಕಬೇಕು. ಆಚೆ ಯಾರಾದರೂ ಇದ್ದರೆ ಅವರೂ ಉದ್ದಕ್ಕೆ ಹಾರ್ನ್ ಹಾಕಿ ಉತ್ತರ ಕೊಡಬೇಕು. ಉತ್ತರ ಬಂತೋ, ಒಳಗೆ ಬರುವವನು ನಿಲ್ಲಬೇಕು, ಹೊರಗೆ ಹೋಗುವವನು ಮೊದಲು ಹೋಗಬೇಕು. ಉತ್ತರ ಬರಲಿಲ್ಲವೋ, ದಾರಿ ಖಾಲಿ ಎಂದು ಅರ್ಥ. ಮೌನಂ ಸಮ್ಮತಿ ಲಕ್ಷಣಂ ಅನ್ನುವುದು ಮದುವೆ ಮಾತುಕತೆಯಲ್ಲಿ ಎಷ್ಟು ನಿಜವೋ ಗೊತ್ತಿಲ್ಲ, ಮೊಣಕೈಯಲ್ಲಿ ಮಾತ್ರ ಅದೇ ಕಾನೂನು.

ಕಾನೂನು ಬರೆದವರು ಒಂದು ವಿಷಯ ಯೋಚಿಸಿರಲಿಲ್ಲ. ಕಿವಿ ಕೇಳದವನಿಗೆ ದಾರಿ ಯಾವಾಗಲೂ ಖಾಲಿಯೇ.

ಇದನ್ನು ಮೊದಲು ಕಂಡುಕೊಂಡವಳು ತಾನೇ ಎಂದು ಸೊಸೆ ಬಹಳ ದಿನ ನಂಬಿದ್ದಳು. ಅವಳ ಕೆಲಸ ಬಂದರಿನ ಕಂಟ್ರೋಲ್ ರೂಮಿನಲ್ಲಿ. ಗೋಪುರದ ತುದಿಯಲ್ಲಿ ನಾಲ್ಕೂ ಕಡೆ ಗಾಜು. ಗೋದಾಮಿನ ಈಚೆಯೂ ಆಚೆಯೂ ಒಟ್ಟಿಗೆ ಕಾಣುವ ಜಾಗ ಇಡೀ ಬಂದರಿನಲ್ಲಿ ಅದೊಂದೇ. ಕಟ್ಟೆ ಬಿಟ್ಟು ಹೊರಡುವ ಯಾವ ದೋಣಿಯಾದರೂ ರೇಡಿಯೋದಲ್ಲಿ ಅವಳ ಅಪ್ಪಣೆ ಕೇಳಿಯೇ ಹೊರಡಬೇಕು. ಅವಳ ಮಾವ, ಅಂದರೆ ಗಂಡನ ಅಪ್ಪ, ಆಚೆ ದಡಕ್ಕೆ ಜನರನ್ನು ಸಾಗಿಸುವ ಫೆರಿಯ ಮಾಸ್ಟರ್. ಬಂದರಿನವರೆಲ್ಲ ಅವರನ್ನು ದೊಡ್ಡ ಮಾಸ್ಟರು ಎನ್ನುತ್ತಾರೆ. ಮನೆಯಲ್ಲಿ ಮಾವ ಕೂತರೆ ಸೊಸೆ ನಿಲ್ಲುತ್ತಾಳೆ. ನೀರಿನ ಮೇಲೆ ಸೊಸೆ ನಿಲ್ಲು ಎಂದರೆ ಮಾವ ನಿಲ್ಲಬೇಕು. ಈ ವ್ಯವಸ್ಥೆಯನ್ನು ನೆನೆದು ಅತ್ತೆ ಇವತ್ತಿಗೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ.

ಅವಳು ಈ ಮನೆಗೆ ಬಂದಾಗ ಕಡಲನ್ನು ದೂರದಿಂದ ನೋಡಿದ್ದಳು, ಅಷ್ಟೇ. ಗಂಡನೋ, ಫೆರಿ ಮಾಸ್ಟರ ಮಗನಾಗಿದ್ದೂ ದೋಣಿ ಹತ್ತಿದರೆ ವಾಂತಿ ಮಾಡುವ ಆಸಾಮಿ. ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡು ಗಟ್ಟಿ ನೆಲದ ಮೇಲೆ ಸುಖವಾಗಿದ್ದ. ತನ್ನ ವಿದ್ಯೆಗೆ ವಾರಸುದಾರರೇ ಇಲ್ಲವಲ್ಲ ಎಂದು ಕೊರಗುತ್ತಿದ್ದ ಮಾವನಿಗೆ ಸೊಸೆ ಸಿಕ್ಕಿದ್ದು ಕುರುಡನಿಗೆ ಕಣ್ಣು ಬಂದ ಹಾಗಾಯಿತು. ಊಟದ ಮೇಜಿನ ಮೇಲೆ ಲೋಟಗಳೇ ಹಡಗು, ಚಮಚಗಳೇ ದೋಣಿ. “ಈ ಲೋಟ ಒಳಗೆ ಬರ್ತಿದೆ, ಈ ಚಮಚ ಹೊರಗೆ ಹೋಗ್ತಿದೆ. ಯಾರು ನಿಲ್ಲಬೇಕು, ಹೇಳು?” ತಪ್ಪು ಹೇಳಿದರೆ ಸಾರಿನ ಪಾತ್ರೆ ಅವಳ ಕಡೆ ಬರುತ್ತಿರಲಿಲ್ಲ. ಹಾಗೆ ಕಲಿತು ಪರೀಕ್ಷೆ ಬರೆದು ಅವಳು ಗೋಪುರ ಹತ್ತಿದ ದಿನ ಮಾವ ಫೆರಿಯ ಪ್ರಯಾಣಿಕರಿಗೆಲ್ಲ ಬೆರಳು ತೋರಿಸಿ, “ಅಲ್ಲಿ ಮೇಲೆ ಕೂತಿದಾಳಲ್ಲ, ನಮ್ಮ ಸೊಸೆ” ಎಂದು ಹೇಳಿಕೊಂಡು ಬಂದಿದ್ದರಂತೆ.

ಅಂಥ ಮಾವನ ಫೆರಿ ಒಂದು ಮಧ್ಯಾಹ್ನ ಮೊಣಕೈಯಲ್ಲಿ ಹಾರ್ನ್ ಹಾಕಿತು. ಆಚೆಯಿಂದ ಹೂಳೆತ್ತುವ ದೋಣಿ ಉತ್ತರ ಕೊಟ್ಟಿತು. ಫೆರಿ ನಿಲ್ಲಲಿಲ್ಲ. ಬೀದಿಯ ಯಜಮಾನನ ಹಾಗೆ ನೇರ ಒಳಗೆ ಬಂತು. ಹೂಳಿನ ದೋಣಿಯೇ ಗಡಬಡಿಸಿ ಹಿಂದೆ ಸರಿಯಿತು. ಎಂಥವರಿಗೂ ಒಂದು ದಿನ ಕೈ ತಪ್ಪುತ್ತದೆ ಎಂದು ಸೊಸೆ ಸುಮ್ಮನಾದಳು. ಸ್ವಲ್ಪ ದಿನಕ್ಕೆ ಮತ್ತೆ ಹಾಗೇ ಆಯಿತು. ಆಮೇಲೆ ಮನೆಯಲ್ಲಿ ಗಮನಿಸತೊಡಗಿದಳು. ಹಿಂದಿನಿಂದ ಕರೆದರೆ ಮಾವ ತಿರುಗುವುದಿಲ್ಲ. ಎದುರು ನಿಂತು ಮಾತಾಡಿದರೆ ತುಟಿ ನೋಡಿ ಉತ್ತರ ಕೊಡುತ್ತಾರೆ. ಬಾಗಿಲ ಗಂಟೆ ಬಾರಿಸಿದರೆ ಪೇಪರಿನಿಂದ ತಲೆ ಎತ್ತುವುದಿಲ್ಲ. ಫೋನು, ರೇಡಿಯೋ ಮಾತ್ರ ಪೂರಾ ಜೋರಿಟ್ಟು ಕಿವಿಗೇ ಒತ್ತಿ ಹಿಡಿಯುತ್ತಾರೆ. ವರ್ಷಗಟ್ಟಲೆ ಎಂಜಿನ್ನಿನ ತಲೆಯ ಮೇಲೆ ನಿಂತ ಕಿವಿ, ದೂರದ ಸದ್ದುಗಳನ್ನು ಒಂದೊಂದಾಗಿ ಕೈಬಿಟ್ಟಿತ್ತು. ಅವರಿಗೇ ಅದು ಗೊತ್ತಿರಲಿಲ್ಲ. ಕೇಳದ ಸದ್ದು ಕೇಳಲಿಲ್ಲ ಅಂತ ಯಾರಿಗೆ ತಾನೇ ತಿಳಿಯುತ್ತದೆ?

“ಅತ್ತೆ, ಮಾವನಿಗೆ ಕಿವಿ ಸ್ವಲ್ಪ ಮಂದ ಆಗಿದೆಯಾ?” ಎಂದು ಒಂದು ದಿನ ಮೆಲ್ಲಗೆ ಕೇಳಿದಳು.

“ಮಂದ ಎಲ್ಲಿಂದ ಬಂತು? ಜಾಣಕಿವುಡು ಕಣೇ ಅದು,” ಎಂದರು ಅತ್ತೆ. “ಮದುವೆ ಆದ ವರ್ಷದಿಂದ ನಾನು ಹೇಳಿದ್ದು ಒಂದಾದ್ರೂ ಕೇಳಿಸಿದೆಯಾ ಆ ಮನುಷ್ಯಂಗೆ?”

ಬಂದರಿನ ಡಾಕ್ಟರರ ಪರೀಕ್ಷೆಯೂ ಅಷ್ಟೇ. ಮೇಜಿನ ಆಚೆ ಕೂತು, “ಕಿವಿ ಕೇಳಿಸುತ್ತಾ?” ಎನ್ನುತ್ತಾರೆ, “ಚೆನ್ನಾಗಿ” ಎಂದರೆ ಸಹಿ ಹಾಕುತ್ತಾರೆ. ಗೋದಾಮಿನ ಹಿಂದೆ ನಿಂತು ಕೇಳುವ ಡಾಕ್ಟರು ಇನ್ನೂ ಹುಟ್ಟಿಲ್ಲ.

ಯಾವ ಮಾಸ್ಟರಿಗಾದರೂ ಕಣ್ಣು, ಕಿವಿ ಸರಿಯಿಲ್ಲ ಎಂದು ಗೊತ್ತಾದರೆ ಕಂಟ್ರೋಲ್ ರೂಮಿನವರು ತಕ್ಷಣ ಬಂದರಿನ ಅಧಿಕಾರಿಗೆ ತಿಳಿಸಬೇಕು. ಅದೂ ನಿಯಮವೇ, ಅದನ್ನೂ ಮಾವನೇ ಕಲಿಸಿದ್ದು. ಗುರುವಿಗೇ ತಿರುಮಂತ್ರ ಹಾಕುವ ಧೈರ್ಯ ಅವಳಿಗೆ ಬರಲಿಲ್ಲ. ವಿಷಯ ಗಂಟಲಲ್ಲಿ ಸಿಕ್ಕಿದ ಬಿಸಿತುಪ್ಪವಾಯಿತು. ತಿಳಿಸುವ ಬದಲು ಅವಳು ಬೇರೆ ದಾರಿ ಹಿಡಿದಳು. ಮಾವನ ಫೆರಿ ಮೊಣಕೈ ಹತ್ತಿರ ಬರುವ ಹೊತ್ತಿಗೆ ಯಾರಾದರೂ ಹೊರಡುವ ಅಪ್ಪಣೆ ಕೇಳಿದರೆ, “ಸ್ವಲ್ಪ ತಡೀರಿ” ಎನ್ನತೊಡಗಿದಳು. ಯಾರೂ ಯಾಕೆ ಎಂದು ಕೇಳಲಿಲ್ಲ. ತನ್ನ ಜಾಣತನಕ್ಕೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಆಯಿತು, ಪಾಪ.

ಆದರೆ ಟಗ್ಗುಗಳನ್ನು ಹಾಗೆ ತಡೆಯಲಾಗುವುದಿಲ್ಲ. ಹಡಗುಗಳನ್ನು ಎಳೆದು ತರುವ ಅವು ಇಡೀ ದಿನ ಓಡಾಡುತ್ತಲೇ ಇರುತ್ತವೆ. ಒಂದು ದಿನ ನೋಡುತ್ತಾಳೆ, ದಪ್ಪಣ್ಣನ ಟಗ್ಗು ಹೊರಗೆ ಹೋಗುತ್ತಿದ್ದದ್ದು ಮಾವನ ಹಾರ್ನ್‌ಗೆ ಉತ್ತರ ಕೊಟ್ಟು, ತಾನೇ ಪಕ್ಕಕ್ಕೆ ಸರಿದು ನಿಂತುಬಿಟ್ಟಿತು. ಫೆರಿಯ ಹಿಂಭಾಗದಲ್ಲಿ ಹಗ್ಗ ಎಸೆಯುವ ಆಳು ಕೆಂಪು ಟವೆಲ್ ಬೀಸುತ್ತಿದ್ದ. ದಿನವೂ ಆ ಟವೆಲ್ ಕಂಡು ಒಣಗಿಸುತ್ತಿದ್ದಾನೆ ಅಂದುಕೊಂಡಿದ್ದಳು! ಈಗ ಅರ್ಥವಾಯಿತು. ನಮ್ಮವರಿಗೆ ಕೇಳಿಸಿಲ್ಲ, ದಯವಿಟ್ಟು ನಿಲ್ಲಿ ಎಂದು ಅವನು ಎದುರಿನವರಿಗೆ ಹೇಳುತ್ತಿದ್ದ.

ಡ್ಯೂಟಿ ಮುಗಿಸಿ ಅವಳು ನೇರ ಟಗ್ ಕಟ್ಟೆಗೆ ಹೋದಳು. ದಪ್ಪಣ್ಣ ಕಡ್ಡಿಯಷ್ಟು ಸಣಕಲು ಮನುಷ್ಯ. ಹೆಸರಿಟ್ಟವರ ತಮಾಷೆ ಅದು. ಚಹಾ ಲೋಟ ಕೈಗೆ ಕೊಟ್ಟು ಕೂರಿಸಿದ.

“ನಿಮಗೆ ಗೊತ್ತಾ?” ಎಂದಳು.

“ಗೊತ್ತಿಲ್ಲದವರು ಯಾರಮ್ಮ? ನಿಮ್ಮ ಮಾವ ಒಬ್ಬರನ್ನ ಬಿಟ್ಟು ಇಡೀ ಬಂದರಿಗೇ ಗೊತ್ತು. ನೀವು ಮೇಲಿಂದ ತಡೀರಿ ತಡೀರಿ ಅಂತಿದ್ರೆ ನಾವು ಕೆಳಗೆ ನಗ್ತಿದ್ವಿ.”

“ಇದು ಸರಿನಾ, ದಪ್ಪಣ್ಣ?”

“ಸರಿ ತಪ್ಪು ನನಗೆ ಗೊತ್ತಿಲ್ಲ. ನನಗೆ ಚುಕ್ಕಾಣಿ ಹಿಡಿಯೋದು ಕಲಿಸಿದವರು ಅವರು. ಒಂದ್ ನಿಮಿಷ ನಿಂತರೆ ನನ್ನ ಗಂಟೇನೂ ಹೋಗಲ್ಲ. ಅವರಾಗಿ ಬಿಡೋವರೆಗೂ ಹೀಗೇ ನಡೀಲಿ ಬಿಡಿ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು?”

ಅವಳಿಗೆ ಅಲ್ಲಿಯೇ ಅಳು ಬಂತು. ಅರ್ಧ ನೆಮ್ಮದಿಯ ಅಳು, ಅರ್ಧ ಭಯದ್ದು. ಇಷ್ಟೊಂದು ಜನ ಪ್ರೀತಿಯಿಂದ ಎತ್ತಿ ಹಿಡಿದಿರುವುದು ಎಂದಾದರೂ ಒಂದು ದಿನ ಯಾರದಾದರೂ ಕೈ ಜಾರಿ ಬಿದ್ದರೆ, ಫೆರಿಯ ತುಂಬ ಜನ ಇರುತ್ತಾರಲ್ಲ? ಆದರೆ ಚಹಾ ಕುಡಿದು ಮನೆಗೆ ಹೋದಳು. ಮಾವ ಆ ದಿನ ಬಹಳ ಉತ್ಸಾಹದಲ್ಲಿದ್ದರು. “ಈಚೆಗೆ ಮೊಣಕೈಯಲ್ಲಿ ಒಂದು ಸಲಾನೂ ನಿಂತಿಲ್ಲ ಕಣಮ್ಮ. ಅದೃಷ್ಟ ಅಂದ್ರೆ ಹೀಗಿರಬೇಕು” ಎಂದರು.

ಅದೃಷ್ಟ ಕೈಕೊಟ್ಟದ್ದು ನೀರಿನ ಬಾರ್ಜಿನ ರೂಪದಲ್ಲಿ. ಲಂಗರು ಹಾಕಿದ ಹಡಗುಗಳಿಗೆ ಕುಡಿಯುವ ನೀರು ಒಯ್ಯುವ ಬಾರ್ಜಿಗೆ ಬೇರೆ ಬಂದರಿನಿಂದ ಹೊಸ ಮಾಸ್ಟರ್ ಬಂದಿದ್ದ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅವನಿಗೆ ಇಲ್ಲಿಯ ಯಾವ ಒಳಗುಟ್ಟೂ ಗೊತ್ತಿರಲಿಲ್ಲ. ಅವನು ಅಪ್ಪಣೆ ಕೇಳಿದಾಗ ಫೆರಿ ಇನ್ನೂ ದೂರವಿತ್ತು; ಸೊಸೆ ಕೊಟ್ಟಳು. ಅಷ್ಟರಲ್ಲಿ ದೊಡ್ಡ ಹಡಗೊಂದು ರೇಡಿಯೋದಲ್ಲಿ ಏನೋ ಕೇಳಿ ಅವಳ ಗಮನ ಆ ಕಡೆ ಹೋಯಿತು. ಉಬ್ಬರದ ನೀರು ಹಿಂದಿನಿಂದ ನೂಕುತ್ತಿತ್ತು, ಫೆರಿ ಎಂದಿಗಿಂತ ಬೇಗ ಬಂತು. ಫೆರಿ ಹಾರ್ನ್ ಹಾಕಿದ್ದು, ಬಾರ್ಜು ಉದ್ದಕ್ಕೆ ಉತ್ತರ ಕೊಟ್ಟಿದ್ದು ಎರಡೂ ಅವಳಿಗೆ ಕೇಳಿಸಿತು. ತಲೆ ಎತ್ತುವ ಹೊತ್ತಿಗೆ ಎರಡೂ ಒಂದಕ್ಕೊಂದು ಮೂತಿ ಕೊಟ್ಟು ಬರುತ್ತಿದ್ದವು. ಟವೆಲ್ಲಿನ ಭಾಷೆ ಹೊಸಬನಿಗೆ ಹೇಗೆ ಗೊತ್ತಾಗಬೇಕು? ಅವನು ತನ್ನ ಹಕ್ಕಿನ ದಾರಿಯಲ್ಲಿ ಬಂದ. ಕೊನೆಯ ಗಳಿಗೆಯಲ್ಲಿ ಎಂಜಿನ್ ಪೂರಾ ಹಿಂದಕ್ಕೆ ತಿರುಗಿಸಿ ಬಾರ್ಜನ್ನು ಗೋದಾಮಿನ ಕಲ್ಲಿಗೆ ಉಜ್ಜಿಸಿಕೊಂಡ. ಫೆರಿ ಕೂದಲೆಳೆಯಲ್ಲಿ ಪಾರಾಯಿತು. ಪ್ರಯಾಣಿಕರಲ್ಲಿ ಒಬ್ಬರ ಛತ್ರಿ ನೀರಿಗೆ ಬಿದ್ದಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

“ನಿಮ್ಮ ಫೆರಿಯವರಿಗೆ ಕಿವಿ ಕೇಳಲ್ವಾ?” ಎಂದು ಬಾರ್ಜಿನವನು ರೇಡಿಯೋದಲ್ಲಿ ಕೇಳಿದ. ಸಿಟ್ಟಿನ ಮಾತು, ಅಷ್ಟೇ. ಬಂದರಿನ ಎಲ್ಲ ರೇಡಿಯೋಗಳಲ್ಲೂ ಅದು ಮೊಳಗಿತು.

ಮಾವ ಮನೆಗೆ ಬಂದದ್ದು ಕೆಂಡವಾಗಿ. “ಹಾರ್ನೇ ಹಾಕದೆ ತಿರುವಿಗೆ ನುಗ್ಗಿದಾನೆ! ಮೇಲಿಂದ ನನಗೇ ಕಿವುಡ ಅಂತಾನೆ! ದೂರು ಕೊಟ್ಟು ಬಂದೆ. ಅವನ ಲೈಸೆನ್ಸ್ ಕಿತ್ತು ಹಾಕಿಸ್ತೀನಿ. ನಾಳೆ ಮಧ್ಯಾಹ್ನ ವಿಚಾರಣೆ. ನೀನು ಮೇಲಿದ್ದೆಯಲ್ಲ, ನೀನೇ ಸಾಕ್ಷಿ.” ಆಮೇಲೆ ಸ್ವರ ಇಳಿಸಿ ಹೇಳಿದರು. “ಸೊಸೆ ಅಂತ ನನ್ನ ಪರ ಹೇಳಬೇಡ. ನೋಡಿದ್ದು ನೋಡಿದ ಹಾಗೆ ಹೇಳು. ನಿನಗೆ ನಾನು ಕಲಿಸಿರೋದು ಅದನ್ನೇ.”

ಅವಳು ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಳು. ಸುಳ್ಳು ಹೇಳು ಅಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಅಷ್ಟು ಹೊತ್ತಿಗೆ ಬಂದರು ತನ್ನ ತೀರ್ಮಾನ ಮಾಡಿಯಾಗಿತ್ತು. ದಪ್ಪಣ್ಣ ಫೋನಿನಲ್ಲಿ ಹೇಳಿದ, “ಗಾಳಿ ಜೋರಿತ್ತು, ಯಾರಿಗೂ ಏನೂ ಕೇಳಿಸಲಿಲ್ಲ ಅಂತೀವಿ ನಾವೆಲ್ಲ. ನೀವೂ ಹಾಗೇ ಅನ್ನಿ. ಮುಗೀತು.”

“ಆ ಬಾರ್ಜಿನವರ ಗತಿ?”

“ಹೊಸಬರು. ಬೇರೆ ಕಡೆ ಕೆಲಸ ಸಿಕ್ಕೀತು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ಅವಳಿಗೆ ದಪ್ಪಣ್ಣನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ. ವಿಚಾರಣೆಯಲ್ಲಿ ನಾಲ್ಕು ಜನರ ಎದುರು ಮಾವನನ್ನು ಕಿವುಡ ಅನ್ನಿಸುವುದಾ, ತಪ್ಪಿಲ್ಲದವನ ಅನ್ನ ಕಸಿಯುವುದಾ? ಎರಡೂ ಬೇಡವಾದರೆ ಉಳಿದದ್ದು ಒಂದೇ: ಮಾವನಿಗೆ ಮೊದಲೇ ಗೊತ್ತಾಗಬೇಕು. ಬಾಯಲ್ಲಿ ಹೇಳಿದರೆ ಅವರು ನಂಬುವುದಿಲ್ಲ. ನೀರಿನ ಮೇಲಿನ ಮಾತನ್ನು ನೀರಿನ ಮೇಲೆಯೇ ಹೇಳಬೇಕು.

“ದಪ್ಪಣ್ಣ, ಬೆಳಿಗ್ಗೆ ಮಾವ ಎಣ್ಣೆ ಕಟ್ಟೆಯಿಂದ ಖಾಲಿ ಫೆರಿ ತರ್ತಾರಲ್ಲ, ಆಗ ನೀವು ಮೊಣಕೈ ಆಚೆ ಇರಬೇಕು. ಉತ್ತರ ಕೊಡಿ. ಆದರೆ ನಿಲ್ಲಬೇಡಿ. ನಿಯಮದ ಪ್ರಕಾರ ಬನ್ನಿ, ನಿಧಾನಕ್ಕೆ.”

“ಈ ಪಾಪ ನನ್ನ ತಲೆಗೆ ಕಟ್ಟಬೇಡಿ, ತಾಯಿ!”

“ಪಾಪ ನನಗಿರಲಿ. ಹಾರ್ನ್ ನಿಮ್ಮದಿರಲಿ.”

ಬೆಳಿಗ್ಗೆ ಮಾವನ ಜೊತೆ ತಾನೂ ಹೊರಟಳು. ಫೆರಿ ತಂಗುವುದು ಬಂದರಿನ ಹೊರಮಗ್ಗುಲಿನ ಎಣ್ಣೆ ಕಟ್ಟೆಯಲ್ಲಿ. ಅಲ್ಲಿಂದ ಒಳಗಿನ ಪ್ರಯಾಣಿಕರ ಕಟ್ಟೆಯವರೆಗೆ ಖಾಲಿ ಬರುತ್ತದೆ. ವಿಚಾರಣೆಗೆ ಮೊದಲು ಜಾಗವನ್ನು ದೋಣಿಯ ಮಟ್ಟದಿಂದ ನೋಡಬೇಕು ಎಂದಳು. “ಇದು ಸಾಕ್ಷಿಯ ಲಕ್ಷಣ” ಎಂದು ಮಾವ ಮೆಚ್ಚಿಕೊಂಡರು. ಚುಕ್ಕಾಣಿ ಕೋಣೆಯಲ್ಲಿ ಇಬ್ಬರೇ. ಎಣ್ಣೆಯ ವಾಸನೆ, ಸವೆದು ಹೊಳೆಯುವ ಚಕ್ರ, ಗಾಜಿನ ಮೂಲೆಯಲ್ಲಿ ಉಪ್ಪಿನ ಪುಡಿ. ನೀರು ಶಾಂತವಾಗಿತ್ತು. ಮಾವ ಹಳೆಯ ಕಥೆಗಳನ್ನು ಹೇಳುತ್ತ ಬಂದರು, ಅವಳು ಹೂಂಗುಡುತ್ತ ಬಂದಳು.

ಮೊಣಕೈ ಬಂತು. ಮಾವ ಹಾರ್ನ್ ಎಳೆದರು, ನಿಯಮ ಹೇಳುವಷ್ಟು ಉದ್ದಕ್ಕೆ. ಕೈಬಿಟ್ಟು, ತಲೆ ಸ್ವಲ್ಪ ವಾರೆ ಮಾಡಿ, ಕಣ್ಣು ಮುಚ್ಚಿ, ಶ್ರದ್ಧೆಯಿಂದ ಕಿವಿಗೊಟ್ಟರು.

ಗೋದಾಮಿನ ಆಚೆಯಿಂದ ದಪ್ಪಣ್ಣನ ಟಗ್ಗು ಕೂಗಿತು. ಕಿಟಕಿಯ ಗಾಜು ನಡುಗುವಷ್ಟು ಜೋರಾಗಿ, ಉದ್ದಕ್ಕೆ. ಮಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಷ್ಟು ಶ್ರದ್ಧೆಯಿಂದ ಕೇಳುತ್ತಿದ್ದ ಆ ಮುಖ ನೋಡಿ ಸೊಸೆ ಒಂದು ಹೆಜ್ಜೆ ಹತ್ತಿರ ಬಂದಳು. ಅವರು ಕಣ್ಣು ತೆರೆದು, “ಖಾಲಿ” ಎಂದು ವೇಗದ ಹಿಡಿಯನ್ನು ಮುಂದಕ್ಕೆ ನೂಕಿದರು.

ಅವಳು ಕೈ ಚಾಚಿ ಅದನ್ನು ಹಿಂದಕ್ಕೆಳೆದಳು.

ಮಾಸ್ಟರ್ ನಿಂತಿರುವಾಗ ಅವನ ಹಿಡಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಮುಟ್ಟಿದವರನ್ನು ಮಾವ ದಡಕ್ಕಿಳಿಸಿ ಮನೆಗೆ ಕಳಿಸಿದ್ದುಂಟು. ಅವರು ಸಿಡಿಮಿಡಿಗೊಂಡು ತಿರುಗಿ ಬಾಯಿ ತೆರೆದರು. ಆಗ ಗೋದಾಮಿನ ಮೂಲೆಯಿಂದ ಟಗ್ಗಿನ ಮೂತಿ ಹೊರಗೆ ಬಂತು. ದಪ್ಪಣ್ಣ ಈ ಕಡೆ ನೋಡದೆ, ತಲೆ ತಗ್ಗಿಸಿಕೊಂಡು ಅವರ ಮುಂದೆಯೇ ಹಾದುಹೋದ.

ಮಾವ ಟಗ್ಗು ಕಣ್ಮರೆಯಾಗುವವರೆಗೂ ನೋಡಿದರು. ಆಮೇಲೆ ಸೊಸೆಯ ಬಾಯಿಯನ್ನು ನೋಡುತ್ತ ಕೇಳಿದರು.

“ಹಾರ್ನ್ ಹಾಕಿದ್ನಾ?”

“ಹಾಕಿದ್ರು, ಮಾವ.”

“ಯಾವಾಗಿಂದ ಹೀಗೆ?”

“ಬಹಳ ದಿನದಿಂದ.”

“ಮತ್ತೆ ನನಗೆ ಯಾರೂ ಅಡ್ಡ ಬರ್ತಿರಲಿಲ್ಲವಲ್ಲ?”

“ಎಲ್ಲರೂ ನಿಂತ್ಕೋತಿದ್ರು. ನಾನೂ ಮೇಲಿಂದ ತಡೀತಿದ್ದೆ.”

ದೋಣಿ ನೀರಿನ ಮೇಲೆ ಸುಮ್ಮನೆ ತೇಲುತ್ತಿತ್ತು. ಹಗ್ಗದ ಆಳು ಹಿಂಭಾಗದಲ್ಲಿ ಟವೆಲ್ ಹಿಡಿದುಕೊಂಡು ಕಲ್ಲಾಗಿ ನಿಂತಿದ್ದ. ಬೈದರೆ ಬೈಸಿಕೊಳ್ಳಲು ಸೊಸೆ ಸಿದ್ಧಳಿದ್ದಳು. ಅವರು ಬೈಯಲಿಲ್ಲ, ಅದೇ ಅವಳಿಗೆ ಕಷ್ಟವಾಯಿತು. ಮಾವ ಮತ್ತೊಂದು ಪ್ರಶ್ನೆ ಕೇಳಿದರು.

“ಆ ಬಾರ್ಜಿನವನು?”

“ಅವರೂ ಹಾಕಿದ್ರು. ಉದ್ದಕ್ಕೆ.”

ಮಾವ ತಲೆಯಾಡಿಸಿದರು. ಫೆರಿಯನ್ನು ತಿರುಗಿಸಿ, ನಿಧಾನಕ್ಕೆ ಎಣ್ಣೆ ಕಟ್ಟೆಗೇ ವಾಪಸ್ಸು ತಂದು ಕಟ್ಟಿದರು. ಬದಲಿ ಮಾಸ್ಟರನ್ನು ಕಳಿಸಿ ಎಂದು ತಾವೇ ರೇಡಿಯೋದಲ್ಲಿ ಹೇಳಿದರು. ಕಾರಣ ಹೇಳಲಿಲ್ಲ.

ಮಧ್ಯಾಹ್ನ ಬಂದರು ಅಧಿಕಾರಿಯ ಕೋಣೆಯಲ್ಲಿ ಕುರ್ಚಿ ಸಾಲದಷ್ಟು ಜನ. ಬೆಳಗಿನ ವಿಷಯ ದಪ್ಪಣ್ಣ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಏನಾಗುತ್ತದೋ ಎಂದು ಮೂಲೆಯಲ್ಲಿ ಬೆವರುತ್ತಿದ್ದ. ಬಾರ್ಜಿನ ಮಾಸ್ಟರ್ ಒಬ್ಬನೇ ಗೋಡೆಗೆ ಒರಗಿ ನಿಂತಿದ್ದ. ಅವನ ಪಕ್ಕ ಯಾರೂ ನಿಂತಿರಲಿಲ್ಲ. ಕೇಳಿದಾಗ, “ನಾನು ಉತ್ತರ ಕೊಟ್ಟೆ. ನನ್ನ ಸರದಿ ಅಂತ ಹೋದೆ” ಎಂದಷ್ಟೇ ಹೇಳಿದ. ಹೂಳಿನ ದೋಣಿಯವನು ಗಾಳಿ ಜೋರಿತ್ತು ಎಂದ. ಹಗ್ಗದ ಆಳು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಕೇಳಿಸಿದ್ದರೂ ಕೇಳಿಸಿರಬಹುದು, ಇಲ್ಲದಿದ್ದರೂ ಇಲ್ಲದಿರಬಹುದು ಎಂದ. ಅಧಿಕಾರಿ ಸೊಸೆಯ ಕಡೆ ತಿರುಗಿದರು. ಅವಳು ಎದ್ದು ನಿಂತಳು.

“ಅವಳು ಕೂರಲಿ,” ಎಂದು ಮಾವ ಎದ್ದರು. “ಆ ಬಾರ್ಜಿನವರು ಹಾರ್ನ್ ಹಾಕಿದ್ರು ಸರ್. ನನಗೆ ಕೇಳಿಸಲಿಲ್ಲ. ನನಗೆ ಕಿವಿ ಹೋಗಿದೆ. ದೂರು ವಾಪಸ್ ತಗೋತೀನಿ.” ಜೇಬಿನಿಂದ ಲೈಸೆನ್ಸ್ ತೆಗೆದು, ಮಡಿಕೆ ಸರಿಮಾಡಿ ಮೇಜಿನ ಮೇಲಿಟ್ಟರು.

ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅಯ್ಯೋ ಮಾಸ್ಟರೇ, ಅಂಥದ್ದೇನಾಗಿದೆ, ನಾವೆಲ್ಲ ಇಲ್ವಾ, ನೀವಿದ್ದರೇ ಬಂದರಿಗೆ ಶೋಭೆ. ಮಾವನಿಗೆ ಎಷ್ಟು ಕೇಳಿಸಿತೋ, ಅವರು ಕೈ ಎತ್ತಿದರು.

“ಒಳಗೆ ಬರೋನು ನಿಲ್ಲಬೇಕು ಅಂತ ನಿಮಗೆಲ್ಲ ಕಲಿಸಿದವನು ನಾನು. ಇಷ್ಟು ದಿನ ನಿಮ್ಮ ದಾರಿ ಕಿತ್ಕೊಂಡು ನಾನೇ ನುಗ್ತಿದ್ದೆ. ನೀವು ನಿಂತು ನೋಡ್ತಿದ್ರಿ. ಚಿಕ್ಕ ಮಗೂನ ಓಟದಲ್ಲಿ ಬೇಕಂತ ಗೆಲ್ಲಿಸ್ತಾರಲ್ಲ, ಹಾಗೆ.” ಧ್ವನಿ ಎತ್ತರವಾಗಿರಲಿಲ್ಲ. ದಪ್ಪಣ್ಣ ಅಳುತ್ತಿದ್ದ.

ಆಮೇಲೆ ಅವರು ಜನರನ್ನು ಸರಿಸಿಕೊಂಡು ಗೋಡೆಯ ಹತ್ತಿರ ಹೋದರು. ಬಾರ್ಜಿನ ಮಾಸ್ಟರ್ ನೆಟ್ಟಗೆ ನಿಂತ. ಮಾವ ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಈ ಬಂದರಿನಲ್ಲಿ ನನ್ನನ್ನ ಮಾಸ್ಟರ್ ಅಂತ ಲೆಕ್ಕಕ್ಕಿಟ್ಟವರು ನೀವೊಬ್ಬರೇ,” ಎಂದರು. ಸೊಸೆಯ ಕಡೆ ತಿರುಗಿ ನೋಡಿದರು. “ಇವತ್ತು ಬೆಳಿಗ್ಗೆಯಿಂದ ಇವಳೂ.”

ಅವಳಿಗೆ ತಲೆ ಎತ್ತಲಾಗಲಿಲ್ಲ. ಮಾವ ಬಾಗಿಲ ಕಡೆ ನಡೆದಾಗ ಜನರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅಷ್ಟರಲ್ಲಿ ಹೊರಗಿನಿಂದ ಗುಮಾಸ್ತೆಯೊಬ್ಬಳು ಫೈಲು ಹೊತ್ತು ಒಳಗೆ ಬರುತ್ತಿದ್ದಳು. ಹೊರಗೆ ಹೋಗುವವರು ಮೊದಲು ಎಂದು ಅವಳೇ ನಿಂತಳು. ಮಾವ ಅವಳಿಗೆ ತಲೆಬಾಗಿ ಮೆಟ್ಟಿಲಿಳಿದರು, ಸೊಸೆ ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆ ಓಡಿದಳು.